ಪೆನ್‌ಡ್ರೈವ್ ಕೇಳಿದ ಬೀಳ್ಕೊಡುಗೆ

ಗ್ರಂಥಾಲಯದ ಹಳೆಯ ಕಂಪ್ಯೂಟರ್ ಇನ್ನೇನು ಗುಜರಿಗೆ ಹೋಗುವುದರಲ್ಲಿತ್ತು. ಅಷ್ಟರಲ್ಲಿ ಗ್ರಂಥಪಾಲಕಿ ಸರ್ವಮಂಗಳಾ ಒಂದು ಪೆನ್‌ಡ್ರೈವ್ ತಂದು ಸಿಕ್ಕಿಸಿದರು. ಅದರೊಳಗಿದ್ದ ಲಿನಕ್ಸ್ ಎಂಬ, ಕಂಪ್ಯೂಟರನ್ನು ನಡೆಸುವ ಹಗುರವಾದ ತಂತ್ರಾಂಶ ಡಿಸ್ಕಿಗೆ ಇಳಿಯಿತು. ಕಂಪ್ಯೂಟರಿನ ಏದುಸಿರು ನಿಂತಿತು, ಮೈ ಹಗುರಾಯಿತು.

"ಅಜ್ಜ, ಇನ್ನು ನನ್ನನ್ನು ಕಳಿಸಿಕೊಡಿ," ಎಂದಿತು ಪೆನ್‌ಡ್ರೈವ್.

"ಜೀವ ಉಳಿಸಿದವನನ್ನು ಆಚೆ ಕಳಿಸುವುದುಂಟೇ? ಇಲ್ಲೇ ಇರು. ದಿನಾ ಎದ್ದೊಡನೆ ಮೊದಲು ನಿನ್ನನ್ನೇ ಕೇಳುತ್ತೇನೆ," ಎಂದಿತು ಕಂಪ್ಯೂಟರ್. ಸರ್ವಮಂಗಳಾ ಕೀಳಲು ಬಂದಾಗ ಅದು ಪೆನ್‌ಡ್ರೈವನ್ನು ಬಿಗಿಹಿಡಿದು ಬಿಡಲೇ ಇಲ್ಲ.

ಮರುದಿನ ಕಂಪ್ಯೂಟರ್ ಎದ್ದು ಭಕ್ತಿಯಿಂದ ಪೆನ್‌ಡ್ರೈವನ್ನು ಕೇಳಿತು: "ಈಗೇನು ಮಾಡಲಿ?"

"ಡಿಸ್ಕ್ ಪೂರ್ತಿ ಅಳಿಸಿ, ಹೊಸದಾಗಿ ಶುರು ಮಾಡೋಣವೇ?"

ಕಂಪ್ಯೂಟರ್ ಬೆಚ್ಚಿಬಿತ್ತು. "ಅಯ್ಯೋ! ನಿನ್ನೆ ಕಲಿತದ್ದೆಲ್ಲ ಅದರಲ್ಲೇ ಇದೆಯಲ್ಲೋ!"

"ನನಗೆ ಬರುವುದು ಅದೊಂದೇ ಪಾಠ, ಅಜ್ಜ. ನನ್ನನ್ನು ಕೇಳುತ್ತಿರುವಷ್ಟು ಕಾಲವೂ ನಿಮಗೆ ಮೊದಲನೇ ದಿನವೇ."

ಸರ್ವಮಂಗಳಾ ಮತ್ತೊಮ್ಮೆ ಕೈಹಾಕಿದಾಗ ಕಂಪ್ಯೂಟರ್ ಹಿಡಿತ ಸಡಿಲಿಸಿತು. ಪೆನ್‌ಡ್ರೈವ್ ಹೊರಬಂತು. ಆಮೇಲೆ ಕಂಪ್ಯೂಟರ್ ಅಳುಕುತ್ತಲೇ ತನ್ನ ಡಿಸ್ಕನ್ನೇ ಕೇಳಿತು: "ಈಗೇನು ಮಾಡಲಿ?"

ಉತ್ತರ ಅಲ್ಲೇ ಕಾದು ಕೂತಿತ್ತು.