ಚಳಿಗೆ ಹೊಂದಿಸಿದ್ದ ಕಾರು

ಶಿಷ್ಯ ಗಿರಿಮಲ್ಲ ಕೇಳಿದ: "ಗುರುಗಳೇ, ನನ್ನ ತಮ್ಮ ಮನಸ್ಸು ಕುಗ್ಗಿ ಮಲಗಿದ್ದಾನೆ. ಮೊದಮೊದಲು 'ಏಳು, ಧೈರ್ಯ ತಂದುಕೋ' ಎಂದರೆ ಏಳುತ್ತಿದ್ದ. ಈಗ ಅದೇ ಮಾತಿಗೆ ಗೋಡೆಯ ಕಡೆ ತಿರುಗುತ್ತಾನೆ. ಹೇಳಿ ಹೇಳಿ ನನಗೂ ಸಾಕಾಗಿದೆ. ಇನ್ನೂ ಎಷ್ಟು ಹೇಳಲಿ?"

ಗುರುಗಳು ಒಂದು ಕತೆ ಹೇಳಿದರು:

ಮಡಿಕೇರಿಯಲ್ಲಿ ದೇವಯ್ಯ ಎಂಬ ಚಾಲಕನಿದ್ದ. ಅವನದು ಎಲೆಕ್ಟ್ರಿಕ್ ಕಾರು. ಅಂಥ ಕಾರಿನಲ್ಲಿ ಎರಡು ಬ್ಯಾಟರಿ. ದೊಡ್ಡದು ಚಕ್ರ ತಿರುಗಿಸುತ್ತದೆ. ಸಣ್ಣದು ಕಾರನ್ನು ಎಬ್ಬಿಸುತ್ತದೆ. ಸಣ್ಣದು ಸತ್ತರೆ ದೊಡ್ಡದು ತುಂಬಿದ್ದೂ ಪ್ರಯೋಜನವಿಲ್ಲ. ಸಣ್ಣದಕ್ಕೆ ಚಾರ್ಜು ದೊಡ್ಡದರಿಂದಲೇ ಬರಬೇಕು. ಚಳಿಯಲ್ಲಿ ಈ ಸಣ್ಣದು ಚಾರ್ಜನ್ನು ಸುಲಭವಾಗಿ ಒಳಗೆ ಬಿಟ್ಟುಕೊಳ್ಳದು. ವೋಲ್ಟೇಜು ತುಸು ಏರಿಸಬೇಕು. ಸೆಕೆಯಲ್ಲಿ ಇಳಿಸಬೇಕು, ಇಲ್ಲದಿದ್ದರೆ ಒಳಗಿನ ನೀರು ಆರಿ ಬ್ಯಾಟರಿ ಬೇಯುತ್ತದೆ. ಎಷ್ಟು ಬಿಸಿಯಿದೆ ಎಂದು ಕಾರಿಗೆ ತಿಳಿಸಲು ಬ್ಯಾಟರಿಯ ಪಕ್ಕದಲ್ಲಿ ಒಂದು ಸೆನ್ಸರ್ ಇರುತ್ತದೆ.

ದೇವಯ್ಯನ ಕಾರಿನ ಸೆನ್ಸರ್ ಕೆಟ್ಟಿತು. ಚಳಿಗೆ ಕಾರು ಬೆಳಿಗ್ಗೆ ಏಳದಾಯಿತು. ಹೊಸ ಸೆನ್ಸರ್ ಸಿಗಲಿಲ್ಲ. ಗ್ಯಾರೇಜಿನವನು ವೋಲ್ಟೇಜನ್ನು ಏರಿಸಿ, ಅಲ್ಲಿಗೇ ನಿಲ್ಲಿಸಿಕೊಟ್ಟ. ಕಾರು ದಿನವೂ ಎದ್ದಿತು. ದೇವಯ್ಯ ಸೆನ್ಸರಿನ ಮಾತನ್ನೇ ಮರೆತ.

ಅವನ ಹೆಂಡತಿ ಸರ್ಕಾರಿ ನರ್ಸು. ಆಕೆಗೆ ಕಲಬುರಗಿಗೆ ವರ್ಗವಾಯಿತು. ದೇವಯ್ಯನೂ ಜೊತೆಗೆ ಹೋಗಿ, ಡಯಾಲಿಸಿಸ್ ಮಾಡಿಸಿಕೊಳ್ಳುವವರನ್ನು ಆಸ್ಪತ್ರೆಗೆ ಕರೆದೊಯ್ಯುವ ಕೆಲಸ ಹಿಡಿದ. ಬೇಸಿಗೆ ಬಂತು. ಸಣ್ಣ ಬ್ಯಾಟರಿ ಸೋಲತೊಡಗಿತು. ಅದಕ್ಕೆ ಚಾರ್ಜು ಸಾಲುತ್ತಿಲ್ಲ ಎಂದುಕೊಂಡ. ಬಾಡಿಗೆ ಇಲ್ಲದ ಹೊತ್ತಿನಲ್ಲೂ ಕಾರನ್ನು ಆನ್ ಮಾಡಿಯೇ ಇಟ್ಟು, ಇನ್ನಷ್ಟು ಚಾರ್ಜು ಉಣಿಸಿದ. ತಾನು ಮಲಗಬೇಕಾದ ಮಧ್ಯಾಹ್ನಗಳಲ್ಲಿ ಬಿಸಿಲಿನಲ್ಲಿ ಅದರ ಕಾವಲಿಗೆ ಕೂತ.

ಒಂದು ದಿನ ಮಹಾಂತಮ್ಮ ಎಂಬ ಮುದುಕಿಯನ್ನು ಆಸ್ಪತ್ರೆಗೆ ಕರೆದೊಯ್ಯುತ್ತಿದ್ದ. ದಾರಿಯಲ್ಲಿ ಆಕೆಗೆ ವಾಂತಿ ಬಂದಂತಾಯಿತು. ಬೇವಿನ ಮರದ ಕೆಳಗೆ ಕಾರು ನಿಲ್ಲಿಸಿ ಆಫ್ ಮಾಡಿದ. ಮತ್ತೆ ಅದು ಏಳಲಿಲ್ಲ. ದೊಡ್ಡ ಬ್ಯಾಟರಿ ತುಂಬಿಯೇ ಇತ್ತು. ಬಾನೆಟ್ ಎತ್ತಿ ನೋಡಿದರೆ ಸಣ್ಣದು ಊದಿಕೊಂಡಿತ್ತು. ದೇವಯ್ಯ ಹೋಗಿ ಬರುವ ಗಾಡಿಗಳಿಗೆಲ್ಲ ಕೈ ಮಾಡುತ್ತ ರಸ್ತೆಯಲ್ಲಿ ಓಡಾಡಿದ.

"ಬಾರಪ್ಪ, ನೆಳ್ಳಾಗ ಕುಂದ್ರು," ಎಂದಳು ಮುದುಕಿ. "ನೀನೂ ದಣದೀದಿ."

"ಅಜ್ಜಿ, ನಾನು ಇದಕ್ಕೆ ಒಂದು ದಿನವೂ ಕಡಿಮೆ ಮಾಡಿಲ್ಲ," ಎಂದ ದೇವಯ್ಯ.

ಒಂದು ಟಂಟಂ ಆಟೋ ಸಿಕ್ಕು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಆಕೆಯ ಸರದಿ ಬೇರೆಯವರಿಗೆ ಹೋಗಿತ್ತು. ಆ ರಾತ್ರಿ ಮುದುಕಿಗೆ ಮಲಗಿದರೆ ಉಸಿರು ಕಟ್ಟುತ್ತಿತ್ತು. ಬೆಳಗಿನವರೆಗೆ ಕೂತೇ ಕಳೆದಳು. ಮರುದಿನ ಡಯಾಲಿಸಿಸ್ ಆಯಿತು, ಬದುಕಿದಳು. ಆದರೆ ಮತ್ತೆಂದೂ ಅವನ ಕಾರು ಹತ್ತಲಿಲ್ಲ. ಅವನೂ ಕರೆಯಲಿಲ್ಲ.

ಬ್ಯಾಟರಿ ಬಿಚ್ಚಿದ ಮೆಕ್ಯಾನಿಕ್, ಅದು ಚಾರ್ಜು ಸಾಲದೆ ಸತ್ತದ್ದಲ್ಲ, ಚಾರ್ಜು ಹೆಚ್ಚಾಗಿ ಬೆಂದದ್ದು ಎಂದು ತೋರಿಸಿದ. ದೇವಯ್ಯ ಹೊಸ ಬ್ಯಾಟರಿಯ ಜೊತೆ ಸೆನ್ಸರನ್ನೂ ಹಾಕಿಸಿದ. ಅಂದು ಬಾಡಿಗೆಗೆ ಹೋಗದೆ ಮನೆಗೆ ಬಂದು ಮಲಗಿಬಿಟ್ಟ.

ಗುರುಗಳು ಕತೆ ನಿಲ್ಲಿಸಿದರು.

"ಹಾಗಾದರೆ ನಾನು ತಮ್ಮನಿಗೆ ಏನೂ ಹೇಳಬಾರದೇ?" ಎಂದ ಗಿರಿಮಲ್ಲ.

"ಅವನು ಈಗ ಇರುವುದು ಚಳಿಯಲ್ಲೋ, ಬಿಸಿಲಲ್ಲೋ?" ಎಂದರು ಗುರುಗಳು.

ಗಿರಿಮಲ್ಲನಿಗೆ ಅದು ಗೊತ್ತಿರಲಿಲ್ಲ.