ತಿರುಚು ಮರದ ಹಲಗೆ

ಬಹಳ ಹಿಂದೆ ಜಪಾನಿನ ಒಂದು ಬೆಟ್ಟದ ಮೇಲೆ ಜಿಂಪಾಚಿ ಎಂಬ ಮುದಿ ಬಡಗಿ ಬುದ್ಧನ ಗುಡಿ ಕಟ್ಟುತ್ತಿದ್ದ. ಆಗೆಲ್ಲ ಅಲ್ಲಿ ಗರಗಸವೆಂದರೆ ಮರವನ್ನು ಅಡ್ಡಲಾಗಿ ತುಂಡರಿಸುವುದಕ್ಕೆ ಮಾತ್ರ. ಹಲಗೆ ಬೇಕೆಂದರೆ ದಿಮ್ಮಿಗೆ ಬೆಣೆ ಹೊಡೆದು ಉದ್ದಕ್ಕೆ ಸೀಳಬೇಕು. ನಾರಿನ ಎಳೆ ನೆಟ್ಟಗಿದ್ದ ಮರವಷ್ಟೇ ಹಾಗೆ ಸೀಳುತ್ತದೆ.

ಗುಡಿಗೆ ಬಾಗಿಲೊಂದು ಬಾಕಿಯಿತ್ತು. ಬೆಟ್ಟದಲ್ಲಿ ನೆಟ್ಟನೆಯ ಮರ ಮುಗಿದಿತ್ತು.

ಶಿಷ್ಯ ಮೊಸುಕೆ ಬಂದರಿಗೆ ಹೋಗಿ, ಚೀನಾದಿಂದ ಬಂದ ಹೊಸ ಗರಗಸ ತಂದ. ಆಳುದ್ದದ ಚೌಕಟ್ಟು, ಆ ತುದಿಗೊಬ್ಬ ಈ ತುದಿಗೊಬ್ಬ ನಿಂತು ಎಳೆಯಬೇಕು. ಹೊಸದರಲ್ಲಿ ಅಗಸ ಎತ್ತಿ ಎತ್ತಿ ಒಗೆದನಂತೆ. ಮೊಸುಕೆಯೂ ಊಟ ಬಿಟ್ಟು, ಕೂಲಿಯವನೊಬ್ಬನನ್ನು ಎದುರಿಗೆ ನಿಲ್ಲಿಸಿಕೊಂಡು, ಎಳೆ ಸುತ್ತಿಕೊಂಡಿದೆಯೆಂದು ಯಾರೂ ಮುಟ್ಟದ ತಿರುಚು ಮರವನ್ನು ಮಸಿಗೆರೆಯ ಗುಂಟ ನೇರವಾಗಿ ಕೊಯ್ದ.

"ನೋಡಿ ಗುರುಗಳೇ, ಬಾಗಿಲಿಗೆ ಹಲಗೆ! ಇನ್ನು ಬೆಣೆಯ ಹಂಗಿಲ್ಲ."

ಜಿಂಪಾಚಿ ಹಲಗೆಯನ್ನು ಸವರಿ ನೋಡಿದ. "ಸೂರಿನ ಕೆಳಗೆ ಒರಗಿಸಿಡು."

"ಬಾಗಿಲು?"

"ಮಳೆಗಾಲ ಕಳೆಯಲಿ."

ಮೊಸುಕೆಗೆ ಸಿಟ್ಟು ಬಂತು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ, ಈ ಮುದುಕ ಹೊಸದನ್ನು ಒಪ್ಪುವವನಲ್ಲ ಅಂದುಕೊಂಡ. ತನ್ನ ಹಲಗೆ ಬಾಗಿಲಾಗದಿದ್ದರೆ ಗುರುವನ್ನೇ ಬಿಟ್ಟು ಹೋಗುವುದೆಂದು ಗಂಟುಮೂಟೆಯನ್ನೂ ಕಟ್ಟಿಟ್ಟ.

ಮಳೆ ನಿಂತು ಬಿಸಿಲು ಬಿತ್ತು. ಮೊಸುಕೆ ಗಂಟನ್ನು ಹೆಗಲಿಗೇರಿಸಿಕೊಂಡೇ ಸೂರಿನ ಕೆಳಗೆ ಹೋದ. ಹಲಗೆ ಬಿಸಿಲಿಗಿಟ್ಟ ಹಪ್ಪಳದ ಹಾಗೆ ಸೊಟ್ಟಗಾಗಿತ್ತು. ನೆಲದ ಮೇಲೆ ಮಲಗಿಸಿದರೆ ಮೂರು ಮೂಲೆ ಕೂತವು, ನಾಲ್ಕನೆಯದು ಎದ್ದು ನಿಂತಿತು.

ಅವನಿಗೆ ವಿಪರೀತ ನಾಚಿಕೆಯಾಯಿತು. ಅಷ್ಟರಲ್ಲಿ ಜಿಂಪಾಚಿ ಬಂದ. ಗಂಟನ್ನು ಎಲ್ಲಿ ಬಚ್ಚಿಡುವುದೆಂದು ಮೊಸುಕೆಗೆ ತೋಚಲಿಲ್ಲ.

"ತಪ್ಪಾಯಿತು ಗುರುಗಳೇ. ಇದನ್ನು ಒಲೆಗೆ ಹಾಕುತ್ತೇನೆ. ಆ ಗರಗಸವನ್ನು ಬಂದರಿನಲ್ಲೇ ಬಿಟ್ಟು ಬರುತ್ತೇನೆ."

"ಗರಗಸ ಏನು ತಪ್ಪು ಮಾಡಿತು?"

"ಬೆಣೆ ಹೊಡೆದಿದ್ದರೆ ಹೀಗಾಗುತ್ತಿರಲಿಲ್ಲವಲ್ಲ."

"ಬೆಣೆ ಹೊಡೆದಿದ್ದರೆ ಈ ಮರ ಹಲಗೆಯೇ ಆಗುತ್ತಿರಲಿಲ್ಲ."

ಪಕ್ಕದಲ್ಲಿ ಇನ್ನೊಂದು ತಿರುಚು ದಿಮ್ಮಿ ಬಿದ್ದಿತ್ತು. ಮುದುಕ ಅದರ ಸುತ್ತ ನಿಧಾನವಾಗಿ ನಡೆದ. ಎಳೆ ಎತ್ತ ಹೊರಳಿದೆಯೆಂದು ಬೆರಳಾಡಿಸಿ ನೋಡಿದ. ಮೊಸುಕೆ ಹಾಕಿಟ್ಟಿದ್ದ ಮಸಿಗೆರೆಯನ್ನು ಅಳಿಸಿ, ಎಳೆಯ ಜಾಡು ಹಿಡಿದು ಬೇರೊಂದು ಗೆರೆ ಹಾಕಿದ. ಆಮೇಲೆ ಹೊಸ ಗರಗಸದ ಒಂದು ತುದಿ ಹಿಡಿದು ನಿಂತ.

"ಗಂಟು ಇಳಿಸಿ ಆ ತುದಿ ಹಿಡಿ. ಬೆಣೆ ಮರವನ್ನು ಕೇಳಿಯೇ ಸೀಳುತ್ತದೆ. ಗರಗಸ ಕೇಳುವುದಿಲ್ಲ. ಕೇಳಬೇಕಾದವನು ನೀನು."