ನಡೆಯುವ ಪಟ್ಟಣಕ್ಕೆ ನಾನು ಬೆಲ್ಲ ಕೊಟ್ಟದ್ದು

ನಂಬದವರು ಈಗಲೇ ಏಳಿ. ಕಂಬಳಿ ಕೊಡವಿಕೊಂಡು ಮನೆಗೆ ಹೋಗಿ. ನಡುವೆ ಬಾಯಿ ಹಾಕಿ "ಅದು ಹೆಂಗಾಗ್ತದೆ ತಿಪ್ಪೇಶ?" ಅಂದರೆ ನಾನು ಸುಮ್ಮನಿರುವ ಗಂಡಲ್ಲ. ಆಯಿತೆ? ಯಾರೂ ಏಳಲಿಲ್ಲ. ನನಗೆ ಗೊತ್ತಿತ್ತು.

ಒಂದಾನೊಂದು ಊರಿನಲ್ಲಿ ನಾನಿದ್ದೆ. ಬೇರೆ ಕತೆಗಳಲ್ಲಿ ಮೊದಲು ರಾಜ ಬರುತ್ತಾನೆ. ಇದರಲ್ಲಿ ಮೊದಲು ನಾನು, ರಾಜ ಆಮೇಲೆ. ನಮ್ಮಕ್ಕ ಬೊಮ್ಮಕ್ಕನನ್ನು ಕೊಟ್ಟದ್ದು ಅತ್ತಿಗುಡ್ಡಕ್ಕೆ. ಅವತ್ತು ಅವಳ ಮಗುವಿಗೆ ಕಿವಿ ಚುಚ್ಚಬೇಕು. ಸೋದರಮಾವನ ತೊಡೆಯ ಮೇಲೆ ಕೂರಿಸದೆ ಕಿವಿ ಚುಚ್ಚುವ ಹಾಗಿಲ್ಲ. ಸೋದರಮಾವ ಅಂದರೆ ನಾನೇ. ಅಂಥ ತೊಡೆ ನಮ್ಮ ಸೀಮೆಯಲ್ಲೇ ಇಲ್ಲ. ನೆರಳು ಕಾಲಡಿಗೆ ಬರುವುದರೊಳಗೆ ನಾನು ಮುಟ್ಟಬೇಕು. ಅಳುವ ಮಗುವಿನ ಬಾಯಿಗಿಡಲು ಬೆಲ್ಲವನ್ನೂ ನಾನೇ ತರಬೇಕು. ಅವ್ವ ಒಂದು ಅಚ್ಚು ಬೆಲ್ಲವನ್ನು ನನ್ನ ಟವೆಲ್ಲಿನ ತುದಿಗೆ ಕಟ್ಟಿದಳು. ಹೊರಟೆ.

ದಾರಿಯಲ್ಲಿ ಒಂದು ಪಟ್ಟಣ ಎದುರಾಯಿತು. ನಿಂತಿರಲಿಲ್ಲ, ನಡೆಯುತ್ತಿತ್ತು. ಗಬ್ಬದ ಎಮ್ಮೆ ನಡೆದ ಹಾಗೆ, ಮೆಲ್ಲಗೆ. ಮನೆಗಳು ಸೀರೆಯ ನೆರಿಗೆ ಎತ್ತಿದ ಹಾಗೆ ಗೋಡೆ ಎತ್ತಿಕೊಂಡು ನಡೆಯುತ್ತಿದ್ದವು. ಬೇವಿನ ಮರಗಳು ಬೇರನ್ನು ಕಂಕುಳಲ್ಲಿ ಇಟ್ಟುಕೊಂಡಿದ್ದವು. ಬಾವಿಯೊಂದು ತುಳುಕದ ಹಾಗೆ ಎಲ್ಲರಿಗಿಂತ ಹಿಂದೆ ಬರುತ್ತಿತ್ತು. ಅವುಗಳ ಧೂಳಿನಲ್ಲಿ ಬಿಸಿಲೇ ತೂಕಡಿಸುತ್ತಿತ್ತು.

ಹೆಬ್ಬಾಗಿಲಿನ ಜೊತೆ ಹೆಜ್ಜೆ ಹಾಕಿ ಒಳಗೆ ನುಗ್ಗಿದೆ. ಒಳಗೆ ಬರುವುದು ಇಷ್ಟು ಸುಲಭ. ಅಡ್ಡ ಹಾದು ಆಚೆ ಇಳಿಯೋಣ ಅಂದುಕೊಂಡೆ. ಓಣಿ ಹಿಡಿದೆ. ಓಣಿಯೂ ನಡೆಯುತ್ತಿತ್ತು. ನಾನು ನಡೆದೆ, ಅದೂ ನಡೆಯಿತು. ನಾನು ಓಡಿದೆ, ಅದೂ ಓಡಿತು. ಎಷ್ಟು ಓಡಿದರೂ ಎದುರಿಗೆ ಅದೇ ಸೊಪ್ಪಿನ ಅಂಗಡಿ. ಸಾಕಾಗಿ ಹೆಬ್ಬಾಗಿಲಿಗೇ ಬಂದೆ.

"ತೆಗಿ ಮಾರಾಯ, ಹೋಗಬೇಕು."

"ಹೋಗಬೇಕಾದರೆ ಮೊದಲು ಬಂದಿರಬೇಕಲ್ಲೋ," ಅಂದಿತು ಹೆಬ್ಬಾಗಿಲು. "ಬಂದಿದೀಯಾ?"

"ಕಣ್ಣು ಕಾಣಲ್ವಾ? ಇಲ್ಲೇ ನಿಂತಿದೀನಿ."

"ಬೆಲ್ಲ ನೀರು ಕೊಟ್ಟವರು ಯಾರು?"

"ಯಾರೂ ಕೊಡಲಿಲ್ಲ."

"ಹಂಗಾದ್ರೆ ನೀನು ಬಂದಿಲ್ಲ. ಬೆಲ್ಲ ಬಾಯಿಗೆ ಬೀಳದೆ ಬಂದವನು ಬಂದ ಹಾಗಲ್ಲ."

ನ್ಯಾಯವಾದ ಮಾತು. ನಮ್ಮೂರಲ್ಲೂ ಹಾಗೇ. "ಯಾಕೆ ಕೊಡಲ್ಲ ಇಲ್ಲಿ?" ಅಂದೆ.

"ಕೊಡೋಕೆ ಮನೆಯವರು ಬೇಕು. ಮನೆಯವರಾಗೋಕೆ ಅವರು ಬಂದಿರಬೇಕು. ಇಲ್ಲಿ ಯಾರೂ ಇನ್ನೂ ಬಂದೇ ಇಲ್ಲ ಕಣೋ. ರಾಜನ ಅಜ್ಜನ ಅಜ್ಜನೂ ಬರಲಿಲ್ಲ. ಬರ್ತಾ ಬರ್ತಾನೇ ತೀರಿಕೊಂಡ."

ರಾಜನ ಹತ್ತಿರ ಹೋದೆ. ಬಸ್ಸಿಗೆ ಕಾಯುವವನ ಹಾಗೆ ಸಿಂಹಾಸನದ ತುದಿಯಲ್ಲಿ ಕೂತಿದ್ದ. ಕಾಲಲ್ಲಿ ಚಪ್ಪಲಿ, ತೊಡೆಯ ಮೇಲೆ ಗಂಟು. ಗಂಟನ್ನು ಮಲಗುವಾಗಲೂ ಇಳಿಸುತ್ತಿರಲಿಲ್ಲವಂತೆ.

"ನಮ್ಮೂರು ಬಂತೇನಪ್ಪಾ?" ಅಂದ.

"ಇದೇ ನಿಮ್ಮೂರು ಸ್ವಾಮಿ."

"ಇರಲಿಕ್ಕಿಲ್ಲ. ಯಾರೂ ನನ್ನ ಗಂಟು ಇಳಿಸಿಕೊಳ್ಳಲಿಲ್ಲ." ಆಮೇಲೆ ನನ್ನ ಕಿವಿಯ ಹತ್ತಿರ ಬಂದು, "ನನ್ನನ್ನ ಊರು ಮುಟ್ಟಿಸು, ಅರ್ಧ ಪಟ್ಟಣ ಕೊಡ್ತೀನಿ," ಅಂದ.

"ಅರ್ಧ ಪಟ್ಟಣ ಹೊಡಕೊಂಡು ಹೋಗಿ ಎಲ್ಲಿ ಕಟ್ಟಲಿ? ಅಕ್ಕನ ಕೊಟ್ಟಿಗೆಯಲ್ಲಿ ಎತ್ತಿಗೇ ಜಾಗ ಇಲ್ಲ."

ನೆರಳು ನೋಡಿಕೊಂಡೆ. ಮೊಣಕಾಲುದ್ದಕ್ಕೆ ಇಳಿದಿತ್ತು. ಟವೆಲ್ಲಿನಲ್ಲಿ ಬೆಲ್ಲ ಇತ್ತು. ಕೊಟ್ಟರೆ ಮಗುವಿಗಿಲ್ಲ. ಕೊಡದಿದ್ದರೆ ಮಗುವಿಗೆ ಮಾವನೇ ಇಲ್ಲ. ಇನ್ನು ಕೊಡುವವನು ಎಲ್ಲಾದರೂ ಬಂದವನಾಗಿರಬೇಕು. ನಾನು ಬಂದವನೇ! ಹುಟ್ಟಿದ ದಿನ ಅಜ್ಜಿ ನನ್ನ ನಾಲಗೆಗೆ ಬೆಲ್ಲದ ನೀರು ಮುಟ್ಟಿಸಿದ್ದಳು. ನಾನು ಭೂಮಿಗೆ ಬಂದದ್ದಕ್ಕೆ ಅದಕ್ಕಿಂತ ಸಾಕ್ಷಿ ಬೇಕೆ?

ಬಾವಿ ಏದುಸಿರು ಬಿಡುತ್ತ ಬಂತು. ಒಂದು ಚೊಂಬು ನೀರು ಮೊಗೆದೆ. ರಾಜನ ಗಂಟು ಇಳಿಸಿಕೊಂಡೆ. ಬೆಲ್ಲ ಮುರಿದು ಕೈಗಿಟ್ಟು, "ಬಂದಿರಾ ಸ್ವಾಮಿ?" ಅಂದೆ.

ರಾಜ ಬೆಲ್ಲ ಚೀಪಿದ. ನೀರು ಕುಡಿದ. "ಬಂದೆನಪ್ಪಾ," ಅಂತ ಚಪ್ಪಲಿ ಬಿಟ್ಟು ನೆಲದ ಮೇಲೆ ಕಾಲು ಚಾಚಿದ.

ಉಳಿದ ಬೆಲ್ಲವನ್ನೂ ಅವನ ಕೈಗೇ ಇಟ್ಟೆ. ರಾಜ ಮಂತ್ರಿಗೆ ಕೊಟ್ಟ. ಮಂತ್ರಿ ಸೊಪ್ಪಿನವಳಿಗೆ ಕೊಟ್ಟ. ಸೊಪ್ಪಿನವಳು ಓಣಿಗೆ ಕೊಟ್ಟಳು. ಓಣಿ ಬೇವಿಗೆ ಕೊಟ್ಟಿತು. ಒಬ್ಬೊಬ್ಬರೂ "ಬಂದೆ" ಅಂದರು, ಕೂತರು. ಮನೆಗಳು ನೆರಿಗೆ ಬಿಟ್ಟು ಕೂತವು. ಬಾವಿ ಗುಳುಂ ಅಂತ ಕೂತಿತು. ಹೆಬ್ಬಾಗಿಲು ಕೊನೆಯ ಪುಡಿ ನೆಕ್ಕಿ ಕೂತಿತು. ತಲೆಮಾರುಗಳಿಂದ ಎದ್ದಿದ್ದ ಧೂಳು ಮೆಲ್ಲಗೆ ಇಳಿಯಿತು. ಪಟ್ಟಣವೆಲ್ಲ ಒಟ್ಟಿಗೆ ಆಕಳಿಸಿತು.

"ಈಗ ನನಗೆ ಕೊಡಿ, ನಾನೂ ಬರ್ತೀನಿ, ಬಂದು ಹೋಗ್ತೀನಿ," ಅಂದೆ.

ರಾಜ ಅಂಗೈ ನೋಡಿಕೊಂಡ. "ಮುಗಿದೇ ಹೋಯ್ತಲ್ಲಪ್ಪಾ."

"ಎಲ್ಲರೂ ಬಂದರು, ನೀನೊಬ್ಬ ಬರಲಿಲ್ಲ," ಅಂದಿತು ಹೆಬ್ಬಾಗಿಲು.

"ಅಯ್ಯೋ, ನನ್ನ ಗತಿ?"

"ಬರದೇ ಇರೋನು ಒಳಗೆ ಹೆಂಗಿರ್ತಾನೋ ಪೆದ್ದಾ? ನೀನು ಹೊರಗೇ ಇದೀಯ."

ನೋಡಿಕೊಂಡೆ. ಹೌದು, ಹೊರಗೇ ಇದ್ದೆ! ಎದುರಿಗೆ ಅತ್ತಿಗುಡ್ಡ. ನಾನು ಒಳಗಿದ್ದಷ್ಟು ಹೊತ್ತೂ ಪಟ್ಟಣ ನಡೆದೇ ನಡೆದು, ನಮ್ಮ ಭಾವನ ಕಡಲೆಕಾಯಿ ಹೊಲದಲ್ಲಿ ಕೂತಿತ್ತು.

"ಏನೋ ಇದು, ಹೊಲದ ತುಂಬ ಪಟ್ಟಣ ತಂದು ಕೂರಿಸಿದೀಯ!" ಭಾವ ಕೂಗಿದರು.

"ದೂರದಿಂದ ಬಂದವರು ಭಾವ. ಕೂತ್ಕೊಳ್ಳಲಿ ಬಿಡಿ."

ಹೊಸ್ತಿಲಲ್ಲಿ ಅಕ್ಕ ಮಗು ಎತ್ತಿಕೊಂಡು ನಿಂತಿದ್ದಳು. ಕಿವಿ ಚುಚ್ಚುವವನು ಜಗಲಿಯಲ್ಲಿ ತಂತಿ ಹಿಡಿದು ಕಾದಿದ್ದ. ನನ್ನ ನೆರಳು ಹೆಬ್ಬೆರಳಿನಷ್ಟೇ ಉಳಿದಿತ್ತು.

"ಬೆಲ್ಲ ಎಲ್ಲೋ?"

ಟವೆಲ್ ಬಿಚ್ಚಿ ತೋರಿಸಿದೆ. ಬರೀ ಕಲೆ. "ಒಂದು ಪಟ್ಟಣಕ್ಕೆಲ್ಲ ಹಂಚಿದೆ ಅಕ್ಕಾ."

"ಬೆಲ್ಲ ತರದೆ ಬಂದ ಮಾವ ಬಂದ ಹಾಗಲ್ಲ," ಅಂದಳು ಅಕ್ಕ.

ಹಿಮ್ಮಡಿ ತಾನಾಗಿ ದಾರಿಯ ಕಡೆ ಜಾರತೊಡಗಿತು. ನನ್ನಂಥ ನಾನೂ ಹೆದರಿದೆ. ಅಷ್ಟರಲ್ಲಿ ಮಗು ಕೈಚಾಚಿ ನನ್ನ ಹೆಬ್ಬೆರಳು ಹಿಡಿಯಿತು. ಹಿಡಿದದ್ದನ್ನು ಬಾಯಿಗಿಟ್ಟುಕೊಂಡಿತು. ಬೆಲ್ಲ ಮುರಿದ ಬೆರಳು ಅದು. ಲೊಚ್ಚ ಲೊಚ್ಚ ಚೀಪಿತು, ನಕ್ಕಿತು. ಜಾರುತ್ತಿದ್ದ ಹಿಮ್ಮಡಿ ನಿಂತಿತು.

"ಥೂ, ಇದಕ್ಕೆ ಆಗಲೇ ಮಾವನ ರುಚಿ ಹತ್ತಿತು," ಅಂತ ಅಕ್ಕನೂ ನಕ್ಕಳು. ಒಳಗೆ ಹೋದಳು.

ನೀತಿ ಬೇಕಾದವರು ಅತ್ತಿಗುಡ್ಡಕ್ಕೆ ಹೋಗಿ. ಪಟ್ಟಣ ಇನ್ನೂ ಹೊಲದಲ್ಲೇ ಕೂತಿದೆ, ಅದನ್ನೇ ಕೇಳಿ. ಹೋಗುವಾಗ ಕೈಯಲ್ಲಿ ಬೆಲ್ಲ ಇರಲಿ.

ಅಕ್ಕ ನನಗೆ ಕೊಟ್ಟದ್ದು ಒಂದು ಚೊಂಬು ನೀರು, ಒಂದು ಚೂರು ಬೆಲ್ಲ. ಆಮೇಲೆ ತೊಡೆಯ ಮೇಲೆ ಮಗು.